ಗೇಮಿಂಗ್ ಮೌಸ್ ಕೊಳ್ಳುವಾಗ ಯಾರ ಅನುಭವವನ್ನು ನಂಬಬೇಕು?

ಪ್ರಶ್ನೆ: ನಾನು ಕುಂದಾಪುರದಲ್ಲಿ ಬಿ.ಸಿ.ಎ. ಓದುತ್ತಿದ್ದೇನೆ. ದಿನಕ್ಕೆ ಸುಮಾರು ಮೂರು ಗಂಟೆ ವ್ಯಾಲೊರಂಟ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುತ್ತೇನೆ. ಸಾವಿರಾರು ಜನ ಮೆಚ್ಚಿ ಬರೆದಿದ್ದಾರೆಂದು ಹದಿನಾಲ್ಕು ತಿಂಗಳ ಹಿಂದೆ ವೈರ್ ಇರುವ ಒಂದು ಗೇಮಿಂಗ್ ಮೌಸ್ ಕೊಂಡೆ. ಈಗ ಎಡ ಬಟನ್ನನ್ನು ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಫೈಲನ್ನು ಎಳೆದೊಯ್ಯುವಾಗ ನಡುದಾರಿಯಲ್ಲೇ ಬಿಟ್ಟುಬಿಡುತ್ತದೆ. ಮೌಸಿನ ಬದಿಗಳೂ ಅಂಟಂಟಾಗಿವೆ. ಇದೇ ಮೌಸನ್ನು ಐದು ವರ್ಷದಿಂದ ಬಳಸುತ್ತಿದ್ದೇನೆ ಎನ್ನುವವರೂ ಇದ್ದಾರೆ, ಎರಡೇ ತಿಂಗಳಲ್ಲಿ ಕೆಟ್ಟಿತು ಎನ್ನುವವರೂ ಇದ್ದಾರೆ. ಯಾರನ್ನು ನಂಬಲಿ? ಹೊಸದು ಕೊಳ್ಳುವುದಾದರೆ 26,000 ಡಿಪಿಐ, 8,000 ಹರ್ಟ್ಜ್ ಇವೆಲ್ಲ ಬೇಕೇ? ವೈರ್‌ಲೆಸ್ ಮೌಸ್ ಆಟಕ್ಕೆ ಆದೀತೇ? ಹಳೆಯದನ್ನು ರಿಪೇರಿ ಮಾಡಬಹುದೇ?

ಉತ್ತರ: ನೀವು ಹೇಳಿದ ಎರಡೂ ಬಗೆಯ ಬಳಕೆದಾರರು ನಿಜವನ್ನೇ ಹೇಳುತ್ತಿರಬಹುದು. ಒಂದೇ ಕಾರ್ಖಾನೆಯಿಂದ ಒಂದೇ ಹೆಸರಿನಲ್ಲಿ ಹೊರಬಂದ ಮೌಸುಗಳಾದರೂ ಅವು ಸೇರುವ ಕೈ, ಓಡಾಡುವ ಮೇಲ್ಮೈ, ಇರುವ ಊರಿನ ಹವೆ, ದಿನಕ್ಕೆ ತಾಳಿಕೊಳ್ಳಬೇಕಾದ ಒತ್ತುಗಳ ಲೆಕ್ಕ, ಈ ನಾಲ್ಕೂ ಬೇರೆ ಬೇರೆಯಾಗಿರುವುದರಿಂದ ಒಬ್ಬರ ಅನುಭವವನ್ನು ಮತ್ತೊಬ್ಬರು ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲ. ಆದರೂ ಯಾರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ಅಳೆಯಲು ದಾರಿಯಿದೆ. ಅದಕ್ಕೆ ಮೌಸಿನೊಳಗೆ ಕೆಡುವ ಭಾಗ ಯಾವುದು, ಕೆಡದೆ ಉಳಿಯುವ ಭಾಗ ಯಾವುದು ಎಂಬುದು ಮೊದಲು ಗೊತ್ತಿರಬೇಕು. ಆದ್ದರಿಂದ ನಿಮ್ಮ ಎಡ ಬಟನ್ನಿನಿಂದಲೇ ತೊಡಗುತ್ತೇನೆ.

ಬಟನ್ನಿನ ಪ್ಲಾಸ್ಟಿಕ್ಕಿನ ಕೆಳಗೆ ಅವರೆಕಾಳಿಗಿಂತ ತುಸು ದೊಡ್ಡದಾದ ಒಂದು ಮೈಕ್ರೋಸ್ವಿಚ್ಚು ಇರುತ್ತದೆ. ಅದರೊಳಗಿನ ತಾಮ್ರಮಿಶ್ರಿತ ಲೋಹದ ತೆಳುವಾದ ಎಲೆಯೊಂದು ಒತ್ತಿದಾಗ ಟಕ್ಕನೆ ಕೆಳಕ್ಕೆ ಬಾಗಿ ಇನ್ನೊಂದು ಲೋಹದ ತುದಿಯನ್ನು ಮುಟ್ಟುತ್ತದೆ, ಬಿಟ್ಟಾಗ ಮೇಲಕ್ಕೆ ಚಿಮ್ಮುತ್ತದೆ. ನಮ್ಮ ಕಿವಿಗೆ ಬೀಳುವ ಕ್ಲಿಕ್ ಶಬ್ದ ಆ ಎಲೆಯದೇ. ಲೋಹಕ್ಕೆ ಲೋಹ ಬಡಿದಾಗ ಅದು ಒಂದೇ ಪೆಟ್ಟಿಗೆ ನಿಲ್ಲದೆ, ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಸಲ ಪುಟಿದು ಆಮೇಲೆ ನೆಲೆಗೊಳ್ಳುತ್ತದೆ. ಈ ಪುಟಿತ ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ಮೌಸಿನೊಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಪ್ರತಿ ಪುಟಿತವೂ ಹೊಸ ಕ್ಲಿಕ್ಕಿನಂತೆ ಕಾಣುತ್ತದೆ. ಹಾಗಾಗಿ ಮೊದಲ ಸ್ಪರ್ಶವಾದ ಮೇಲೆ ಕೆಲವು ಮಿಲಿಸೆಕೆಂಡು ಏನೇ ನಡೆದರೂ ಲೆಕ್ಕಕ್ಕೆ ಹಿಡಿಯಬೇಡ ಎಂದು ತಯಾರಕರು ಚಿಪ್‌ಗೆ ಹೇಳಿಕೊಟ್ಟಿರುತ್ತಾರೆ. ಇದಕ್ಕೆ ಡೀಬೌನ್ಸ್ ಅವಧಿ ಎಂದು ಹೆಸರು.

ಎಲೆಯ ಬಿಗಿ ಸಡಿಲವಾದಾಗ, ಅಥವಾ ಸ್ಪರ್ಶದ ತುದಿಗಳ ಮೇಲೆ ಆಕ್ಸೈಡಿನ ಪದರವೋ ಕಿಲುಬೋ ಕೂತಾಗ, ಪುಟಿತದ ಅವಧಿ ಬೆಳೆಯುತ್ತ ಹೋಗಿ ಆ ಕೆಲವು ಮಿಲಿಸೆಕೆಂಡುಗಳ ಗಡಿಯನ್ನು ದಾಟುತ್ತದೆ. ಆಗ ಒಂದು ಒತ್ತು ಎರಡಾಗುತ್ತದೆ. ಒತ್ತಿ ಹಿಡಿದಾಗಲೂ ಸ್ಪರ್ಶ ಕ್ಷಣಕಾಲ ತಪ್ಪುವುದರಿಂದ ನಿಮ್ಮ ಫೈಲು ನಡುದಾರಿಯಲ್ಲಿ ಬೀಳುತ್ತದೆ. ಆಟದಲ್ಲಿ ವ್ಯಾಂಡಲ್ ಎಂಬ ಬಂದೂಕು ಹಿಡಿದು ಗುಂಡು ಸುರಿಸುತ್ತಿರುವಾಗ ಸರಣಿ ನಡುವೆ ಕಡಿದದ್ದನ್ನೂ ನೀವು ಕಂಡಿರಬೇಕು. ಇದಕ್ಕೆ ಬಹಳ ಜನ ತಮ್ಮ ಒರಟು ಕೈಯನ್ನು ಬೈದುಕೊಳ್ಳುತ್ತಾರೆ, ನೀವು ಬೈದುಕೊಳ್ಳಬೇಕಿಲ್ಲ. ವಿಚಿತ್ರವೆಂದರೆ ಇಲ್ಲಿ ಕಡಿಮೆ ವಿದ್ಯುತ್ತೂ ಒಂದು ದೋಷವೇ ಆಗಿದೆ. ಸ್ವಿಚ್ಚಿನಲ್ಲಿ ಒಂದಿಷ್ಟು ಹೆಚ್ಚು ಕರೆಂಟು ಹರಿದರೆ ಪ್ರತಿ ಸ್ಪರ್ಶದಲ್ಲೂ ಏಳುವ ಸಣ್ಣ ಕಿಡಿ ಆಕ್ಸೈಡಿನ ಪದರವನ್ನು ಸುಟ್ಟು ತೆಗೆಯುತ್ತದೆ. ಇಂದಿನ ಮೌಸುಗಳು, ಅದರಲ್ಲೂ ಬ್ಯಾಟರಿ ಉಳಿಸಲು ಹೆಣಗುವ ವೈರ್‌ಲೆಸ್ ಮೌಸುಗಳು, ತೀರ ಕಡಿಮೆ ವೋಲ್ಟೇಜಿನಲ್ಲಿ ನಡೆಯುವುದರಿಂದ ಬೆಳ್ಳಿಯ ಲೇಪವಿರುವ ಸಾಮಾನ್ಯ ಸ್ವಿಚ್ಚುಗಳಿಗೆ ಈ ಶುದ್ಧೀಕರಣದ ಅವಕಾಶ ಸಿಗುವುದಿಲ್ಲ. ಸಣ್ಣ ಕರೆಂಟಿಗೆಂದೇ ಮಾಡಿದ, ಚಿನ್ನದ ಮಿಶ್ರಲೋಹದ ತುದಿಯಿರುವ ಸ್ವಿಚ್ಚುಗಳೂ ಇವೆ. ಒಮ್ರಾನ್ ಕಂಪನಿಯ ಡಿ2ಎಫ್-01ಎಫ್ ಅಂಥದ್ದು. ಆದರೆ ಮೌಸುಗಳಲ್ಲಿ ಬಹುಕಾಲ ಹೆಚ್ಚಾಗಿ ಕಂಡದ್ದು ಅದೇ ಕಂಪನಿಯ ಡಿ2ಎಫ್‌ಸಿ ಶ್ರೇಣಿ.

ಡಬ್ಬಿಯ ಮೇಲೆ 2 ಕೋಟಿ ಕ್ಲಿಕ್, 5 ಕೋಟಿ ಕ್ಲಿಕ್ ಎಂದು ಬರೆದಿರುತ್ತಾರೆ. ನೀವು ದಿನಕ್ಕೆ 10,000 ಸಲ ಒತ್ತುತ್ತೀರೆಂದು ಧಾರಾಳವಾಗಿಯೇ ಹಿಡಿದರೂ 2 ಕೋಟಿ ತಲುಪಲು 2,000 ದಿನ, ಅಂದರೆ ಐದೂವರೆ ವರ್ಷ ಬೇಕು. ನಿಮ್ಮದು ಹದಿನಾಲ್ಕು ತಿಂಗಳಿಗೆ, ಸುಮಾರು 42 ಲಕ್ಷ ಕ್ಲಿಕ್ಕಿಗೆ, ಅಂದರೆ ಹೇಳಿದ ಆಯುಸ್ಸಿನ ಐದರಲ್ಲೊಂದು ಭಾಗಕ್ಕೇ ಸೋತಿದೆ. ಇದು ಸುಳ್ಳು ಜಾಹೀರಾತು ಎಂದು ಅನ್ನಿಸುವುದು ಸಹಜ. ಆದರೆ ಆ ಸಂಖ್ಯೆ ಮುಖ್ಯವಾಗಿ ಹೇಳುವುದು ಲೋಹದ ಎಲೆ ಮುರಿಯದೆ ಎಷ್ಟು ಸಲ ಬಾಗೀತು ಎಂಬುದನ್ನು. ಪ್ರಯೋಗಾಲಯದ ಯಂತ್ರವೊಂದು ಹಗಲಿರುಳು ಒಂದೇ ಸಮನೆ ಒತ್ತಿ ಪಡೆದ ಸಂಖ್ಯೆಗೂ, ಕಡಲ ಬದಿಯ ಊರಿನ ಮೇಜಿನ ಮೇಲೆ ಎರಡು ಮಳೆಗಾಲ ಕಳೆದ ಸ್ವಿಚ್ಚು ಪುಟಿತವಿಲ್ಲದ ಶುದ್ಧ ಸಂಕೇತ ಕೊಡುವುದಕ್ಕೂ ನೇರ ಸಂಬಂಧವಿಲ್ಲ. ಹೊಸ ಮೌಸ್ ಆರಿಸುವಾಗ 5 ಕೋಟಿಗಿಂತ 8 ಕೋಟಿ ಮೇಲು ಎಂದು ಹಣ ಸುರಿಯಬೇಡಿ.

ಈ ಕಾಯಿಲೆಯನ್ನು ಬುಡದಲ್ಲೇ ತಪ್ಪಿಸುವ ಉಪಾಯವೆಂದರೆ ಆಪ್ಟಿಕಲ್ ಸ್ವಿಚ್ಚು. ಅದರಲ್ಲಿ ಕ್ಲಿಕ್ ಆಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಲೋಹಗಳ ಸ್ಪರ್ಶವಲ್ಲ. ಒತ್ತಿದಾಗ ಒಂದು ಅತಿಗೆಂಪು ಕಿರಣ ಕಡಿದು ಹೋಗುತ್ತದೆ ಅಥವಾ ತೆರೆದುಕೊಳ್ಳುತ್ತದೆ, ಅಷ್ಟೇ. ಬೆಳಕು ಪುಟಿಯುವುದೂ ಇಲ್ಲ, ಕಿಲುಬು ಹಿಡಿಯುವುದೂ ಇಲ್ಲ. ರೇಜರ್ ಕಂಪನಿ 2019ರ ವೈಪರ್ ಮೌಸಿನಲ್ಲಿ ಇದನ್ನು ತಂದಿತು. ಲಾಜಿಟೆಕ್ 2022ರ ಜಿ502 ಎಕ್ಸ್‌ನಲ್ಲಿ ಲೋಹದ ಎಲೆಯ ಕ್ಲಿಕ್ ಅನುಭವವನ್ನು ಉಳಿಸಿಕೊಂಡು ಸಂಕೇತವನ್ನು ಮಾತ್ರ ಬೆಳಕಿಗೆ ಒಪ್ಪಿಸುವ ಮಿಶ್ರ ಸ್ವಿಚ್ಚನ್ನು ಹಾಕಿತು. ಮೊದಲ ಆಪ್ಟಿಕಲ್ ಸ್ವಿಚ್ಚುಗಳ ಒತ್ತು ಮಂಕಾಗಿದೆ, ಬೆರಳಿಗೆ ಉತ್ತರ ಕೊಡುವುದಿಲ್ಲ ಎಂದು ದೂರಿದವರು ಬಹಳ. ಆ ದೂರಿನಲ್ಲಿ ಹುರುಳಿತ್ತು. ಈಗಿನವುಗಳಲ್ಲಿ ಆ ವ್ಯತ್ಯಾಸ ಸಾಕಷ್ಟು ಕಿರಿದಾಗಿದೆ. ನಿಮ್ಮಂತೆ ಡಬಲ್ ಕ್ಲಿಕ್ಕಿನಿಂದ ಬೇಸತ್ತವರಿಗೆ ನಾನು ಮೊದಲು ಹೇಳುವುದು, ಕೈಗೆಟಕುವ ಬೆಲೆಯಲ್ಲಿ ಆಪ್ಟಿಕಲ್ ಸ್ವಿಚ್ಚಿನದು ಸಿಕ್ಕಿದರೆ ಅದನ್ನೇ ನೋಡಿ ಎಂದು.

ಈಗ ಬಳಕೆದಾರರ ಮಾತಿಗೆ ಬರೋಣ. ಅಂಗಡಿತಾಣಗಳಲ್ಲಿ ಕಾಣುವ ಮೆಚ್ಚುಗೆಯ ಬಹುಪಾಲು ಮೊದಲ ವಾರದ ಬರಹ. ಪಾರ್ಸೆಲ್ ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿತ್ತು, ಬಣ್ಣಬಣ್ಣದ ದೀಪ ಸೊಗಸಾಗಿದೆ ಎಂಬ ಐದು ನಕ್ಷತ್ರಗಳಿಗೂ ಮೌಸಿನ ಬಾಳಿಕೆಗೂ ಏನೂ ಸಂಬಂಧವಿಲ್ಲ. ಇನ್ನೊಂದು ತುದಿಯಲ್ಲಿ, ನಾಲ್ಕು ವರ್ಷ ತಕರಾರಿಲ್ಲದೆ ನಡೆದ ಮೌಸಿನ ಒಡೆಯ ಮರಳಿ ಬಂದು ಬರೆಯುವುದು ಅಪರೂಪ, ಮೌಸ್ ಕೆಟ್ಟುಹೋದವನು ಮಾತ್ರ ಸಿಟ್ಟಿನಲ್ಲಿ ಬಂದು ಬರೆಯುತ್ತಾನೆ. ಹೀಗೆ ಓದುಗರಿಗೆ ಸಿಗುವುದು ಹೊಸ ಮದುಮಗನ ಮಾತು ಮತ್ತು ವಿಚ್ಛೇದನ ಪಡೆದವನ ಮಾತು. ನಡುವಿನ ಸಂಸಾರದ ಕತೆ ಯಾರೂ ಹೇಳುವುದಿಲ್ಲ. ನಾನಾದರೆ ಮೂರು ನಕ್ಷತ್ರದ ಅನಿಸಿಕೆಗಳನ್ನು ಮೊದಲು ಓದುತ್ತೇನೆ, ಅವುಗಳಲ್ಲೂ ಎಂಟು ತಿಂಗಳ ನಂತರ, ಒಂದೂವರೆ ವರ್ಷದ ನಂತರ ಎಂದು ಬರೆದವನ್ನು ಹುಡುಕುತ್ತೇನೆ. ಅಂಥ ಹತ್ತು ಅನಿಸಿಕೆಗಳಲ್ಲಿ ಐದಾರು ಒಂದೇ ದೋಷವನ್ನು, ಒಂದೇ ಬಗೆಯ ಮಾತಿನಲ್ಲಲ್ಲದೆ ಬೇರೆ ಬೇರೆ ರೀತಿಯಲ್ಲಿ ಹೇಳಿದ್ದರೆ ಅದನ್ನು ನಂಬಬಹುದು.

ದಿನಾಂಕವನ್ನೂ ನೋಡಬೇಕು. ಮೌಸಿನ ಹೆಸರು ಒಂದೇ ಇದ್ದು ಒಳಗಿನದೆಲ್ಲ ಬದಲಾಗುವುದು ಈ ಉದ್ಯಮದಲ್ಲಿ ಮಾಮೂಲು. ರೇಜರ್‌ನ ಡೆತ್‌ಆಡರ್ 2006ರಿಂದ ಇದೆ, ಆದರೆ ಅಂದಿನದಕ್ಕೂ ಇಂದಿನದಕ್ಕೂ ಹೊರರೂಪದ ನೆನಪು ಬಿಟ್ಟರೆ ಸಾಮಾನ್ಯವಾದದ್ದು ಕಡಿಮೆ. ಲಾಜಿಟೆಕ್‌ನ ಜಿ102 ಕೂಡ ನಡುವೆ ರೂಪಾಂತರಗೊಂಡಿದೆ. ಐದು ವರ್ಷದಿಂದ ಬಳಸುತ್ತಿದ್ದೇನೆ ಎಂದವರ ಕೈಯಲ್ಲಿರುವುದೂ ನೀವು ಕೊಂಡದ್ದೂ ಒಂದೇ ಆವೃತ್ತಿಯಲ್ಲದಿರುವ ಸಂಭವ ಸಾಕಷ್ಟಿದೆ. ಇದಲ್ಲದೆ ಕೆಲವು ಅಂಗಡಿತಾಣಗಳು ಒಂದು ಮೌಸಿನ ವೈರ್ ಇರುವ ರೂಪ, ವೈರ್‌ಲೆಸ್ ರೂಪ, ಹಳೆಯದು, ಹೊಸದು ಎಲ್ಲದರ ಅನಿಸಿಕೆಗಳನ್ನೂ ಒಂದೇ ರಾಶಿಗೆ ಸುರಿದಿರುತ್ತವೆ. ಅನಿಸಿಕೆಯ ಕೆಳಗೆ ಯಾವ ರೂಪ ಎಂದು ಸಣ್ಣಕ್ಷರದಲ್ಲಿ ನಮೂದಿಸಿದ್ದನ್ನು ಗಮನಿಸದೆ ಮುಂದೆ ಹೋಗಬೇಡಿ.

ಬಳಕೆದಾರರು ಒಮ್ಮತದಿಂದ, ವರ್ಷಗಟ್ಟಲೆ, ಹಣದ ಹಂಗಿಲ್ಲದೆ ಹೊಗಳಿದ್ದೇನಾದರೂ ಇದ್ದರೆ ಅದು ಆಕಾರ. ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ 3.0 ಎಂಬ ಮೌಸ್ ಗೇಮಿಂಗ್ ಎಂಬ ಹೆಸರಿಟ್ಟುಕೊಂಡು ಬಂದದ್ದೇ ಅಲ್ಲ. ಆದರೂ ಅದರ ಬಾಗಿದ ಬೆನ್ನು ಬಲಗೈಗೆ ಎಷ್ಟು ಒಗ್ಗಿತೆಂದರೆ ಕೌಂಟರ್ ಸ್ಟ್ರೈಕ್ ಆಡುವವರು, ಚಲನೆಯನ್ನು ಅಳೆಯುವ ಅದರ ಸೆನ್ಸರ್ ಕಾಲಕ್ಕೆ ಹಿಂದೆ ಬಿದ್ದ ಮೇಲೂ ಅದನ್ನು ಬಿಡಲು ಒಪ್ಪಲಿಲ್ಲ. ಕಡೆಗೆ ಕಂಪನಿ 2019ರಲ್ಲಿ ಅದೇ ಆಕಾರಕ್ಕೆ ಪಿಕ್ಸ್‌ಆರ್ಟ್‌ನ ಹೊಸ ಸೆನ್ಸರ್ ಕೂರಿಸಿ ಪ್ರೊ ಇಂಟೆಲಿಮೌಸ್ ಎಂದು ತಂದಿತು. ಲಾಜಿಟೆಕ್ ಕೂಡ ಅದೇ ವರ್ಷ ತನ್ನ 2005ರ ಎಂಎಕ್ಸ್518 ಮೌಸನ್ನು ಹೀರೋ ಎಂಬ ತನ್ನ ಸೆನ್ಸರಿನೊಂದಿಗೆ ಮರಳಿ ಮಾರುಕಟ್ಟೆಗೆ ಬಿಟ್ಟಿತು. ಎರಡೂ ಕಡೆ ಜನ ಕೇಳಿದ್ದು ಹಳೆಯ ಮೈಯನ್ನು, ಹಳೆಯ ಸೆನ್ಸರನ್ನಲ್ಲ. ಹಾಗೆಂದು ಆ ಆಕಾರ ನಿಮಗೂ ಒಗ್ಗುತ್ತದೆ ಎಂದೇನಿಲ್ಲ. ಚಪ್ಪಲಿ ಅಂಗಡಿಯಲ್ಲಿ ಮೂರು ಜೋಡಿ ಮೆಟ್ಟಿ ನೋಡುವ ನಾವು ಮೌಸನ್ನು ಮಾತ್ರ ಚಿತ್ರ ನೋಡಿ ಕೊಳ್ಳುತ್ತೇವೆ.

ಅಂಗೈಯನ್ನು ಅಳೆಯಿರಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗಿನ ಉದ್ದವನ್ನು ಸ್ಕೇಲಿನಲ್ಲಿ ನೋಡಿಕೊಳ್ಳಿ. ಅದರ ನೂರಕ್ಕೆ ಅರುವತ್ತು ಭಾಗದಷ್ಟು ಉದ್ದದ ಮೌಸ್ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ ಎಂಬುದು ಆಟಗಾರರ ನಡುವೆ ಓಡಾಡುವ ಒಂದು ಅಂದಾಜು ಸೂತ್ರ. 19 ಸೆಂಟಿಮೀಟರಿನ ಕೈಗೆ ಇದು 11.4 ಸೆಂಟಿಮೀಟರ್ ಆಗುತ್ತದೆ. ಸೂತ್ರಕ್ಕಿಂತ ಮುಖ್ಯವಾದದ್ದು ನೀವು ಹಿಡಿಯುವ ರೀತಿ. ಅಂಗೈಯನ್ನು ಪೂರ್ತಿ ಮೌಸಿನ ಮೇಲೆ ಒರಗಿಸುವವರಿಗೆ ಉದ್ದನೆಯ, ಬೆನ್ನು ಉಬ್ಬಿದ ಮೌಸ್ ಬೇಕು. ಬೆರಳುಗಳನ್ನು ಬೆಕ್ಕಿನ ಪಂಜದಂತೆ ಬಾಗಿಸಿ ಒತ್ತುವವರಿಗೆ ಹಿಂಭಾಗದಲ್ಲಿ ಉಬ್ಬಿರಬೇಕು. ಅಂಗೈ ತಾಗಿಸದೆ ಬರಿಯ ಬೆರಳ ತುದಿಯಲ್ಲಿ ನಡೆಸುವವರಿಗೆ ಗಿಡ್ಡನೆಯ, ತಗ್ಗಾದ, ಹಗುರವಾದ ಮೌಸೇ ಆಗಬೇಕು. ಒಬ್ಬರು ಸ್ವರ್ಗವೆಂದದ್ದನ್ನು ಮತ್ತೊಬ್ಬರು ಮಣಿಕಟ್ಟಿನ ನೋವು ಎಂದು ಬರೆದಿದ್ದರೆ, ಹತ್ತರಲ್ಲಿ ಎಂಟು ಸಲ ಅವರ ಹಿಡಿತವೇ ಬೇರೆಯಾಗಿರುತ್ತದೆ. ಅನಿಸಿಕೆ ಬರೆದವರು ತಮ್ಮ ಕೈಯಳತೆಯನ್ನೂ ಹಿಡಿತವನ್ನೂ ಹೇಳದಿದ್ದರೆ ಆರಾಮದ ಬಗ್ಗೆ ಅವರಾಡಿದ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತೂಕದ ವಿಷಯದಲ್ಲಿ ಕೆಲವೇ ವರ್ಷಗಳಲ್ಲಿ ಜನರ ಅಭಿರುಚಿಯೇ ತಿರುಗಿಬಿಟ್ಟಿತು. ಒಂದು ಕಾಲದಲ್ಲಿ ಮೌಸಿನ ಹೊಟ್ಟೆಗೆ ಸೇರಿಸಲು ಲೋಹದ ತೂಕದ ಬಿಲ್ಲೆಗಳನ್ನು ಡಬ್ಬಿಯಲ್ಲೇ ಕೊಡುತ್ತಿದ್ದರು. 2018ರಲ್ಲಿ ಲಾಜಿಟೆಕ್ ಜಿ ಪ್ರೊ ವೈರ್‌ಲೆಸ್ 80 ಗ್ರಾಂನಲ್ಲಿ ಬಂದಾಗ ಬ್ಯಾಟರಿ ಇದ್ದೂ ಇಷ್ಟು ಹಗುರವೇ ಎಂದು ಬೆರಗಾದರು. 2020ರಲ್ಲಿ ಅದರ ತಮ್ಮ ಸೂಪರ್‌ಲೈಟ್ 63 ಗ್ರಾಂಗೂ ಕಡಿಮೆಯಾಯಿತು. ತೂಕ ಇಳಿಸಲು ಕೆಲವರು ಮೈತುಂಬ ಜೇನುಗೂಡಿನಂತೆ ತೂತು ಕೊರೆದ ಮೌಸುಗಳನ್ನೂ ಮಾಡಿದರು. ಕರಾವಳಿಯಲ್ಲಿರುವ ನಿಮಗೆ ಆ ತೂತಿನ ಮೌಸನ್ನು ನಾನು ಸೂಚಿಸಲಾರೆ. ಬೆವರು, ಧೂಳು, ಉಪ್ಪಿನ ಗಾಳಿ ನೇರವಾಗಿ ಒಳಗಿನ ಬೋರ್ಡಿಗೆ ಇಳಿಯುತ್ತವೆ. ದಿನಕ್ಕೆ ಮೂರು ಗಂಟೆ ಆಡುವವರಿಗೆ 60ರಿಂದ 85 ಗ್ರಾಂನ ನಡುವಿನದು ಸಾಕು. ಅದಕ್ಕಿಂತ ಕೆಳಗಿನ ಪ್ರತಿ ಹತ್ತು ಗ್ರಾಮಿಗೆ ತೆರುವ ಬೆಲೆ ಹೆಚ್ಚು, ಸಿಗುವ ಲಾಭ ಕಡಿಮೆ.

ನಿಮ್ಮ ಮೌಸಿನ ಬದಿಗಳು ಅಂಟಂಟಾದದ್ದಕ್ಕೂ ಹವೆಗೂ ನೇರ ನಂಟಿದೆ. ಹಿಡಿತಕ್ಕೆಂದು ಬಳಿಯುವ ರಬ್ಬರಿನಂಥ ಮೆತ್ತನೆಯ ಲೇಪ ತೇವಾಂಶ, ಬಿಸಿ ಮತ್ತು ಕೈಯ ಜಿಡ್ಡಿನಿಂದ ರಾಸಾಯನಿಕವಾಗಿ ಒಡೆದು ಮತ್ತೆ ಅಂಟಾಗುತ್ತದೆ. ಒಣ ಹವೆಯ ಊರಿನಲ್ಲಿ ಕೂತು ಐದು ವರ್ಷ ಬಳಸಿದವರಿಗೆ ಇದು ಕಾಣಿಸದೆಯೇ ಹೋಗಬಹುದು. ಉಡುಪಿ, ಮಂಗಳೂರು, ಕಾರವಾರದವರಿಗೆ ಎರಡನೆಯ ಮಳೆಗಾಲಕ್ಕೇ ಕಾಣಿಸಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ತಾಳ್ಮೆಯಿಂದ ಒರೆಸಿದರೆ ಆ ಲೇಪ ಪೂರ್ತಿ ಕಿತ್ತು ಬಂದು ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಉಳಿಯುತ್ತದೆ. ನೋಡಲು ಚೆಂದವಿರುವುದಿಲ್ಲ, ಆದರೆ ಕೈಗೆ ಹಿತ. ಹೊಸದು ಕೊಳ್ಳುವಾಗ ಲೇಪವಿಲ್ಲದ, ಒರಟು ಮೈಯ ಪ್ಲಾಸ್ಟಿಕ್ಕಿನದನ್ನೇ ಆರಿಸಿ. ಬಟ್ಟೆಯ ಮೌಸ್ ಪ್ಯಾಡಿಗೂ ಇದೇ ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಗಾಳಿಯ ತೇವವನ್ನು ಹೀರಿ ಕೆಸರಿನಂತೆ ಎಳೆಯತೊಡಗುತ್ತದೆ, ಮೌಸ್ ಭಾರವಾದಂತೆ ಅನ್ನಿಸುತ್ತದೆ. ಮೌಸ್ ಬದಲಾಯಿಸಿದ ಮೇಲೂ ಜಾರುವಿಕೆ ಸರಿಹೋಗಲಿಲ್ಲ ಎಂದು ಮಳೆಗಾಲದಲ್ಲಿ ದೂರುವ ಎಷ್ಟೋ ಮಂದಿ ಪ್ಯಾಡನ್ನು ಸೋಪಿನ ನೀರಿನಲ್ಲಿ ಕೈಯಿಂದ ತೊಳೆದು, ನೆರಳಲ್ಲಿ ಎರಡು ದಿನ ಚೆನ್ನಾಗಿ ಒಣಗಿಸಿದ್ದರೆ ಸಾಕಾಗುತ್ತಿತ್ತು.

ಡಿಪಿಐ ವಿಷಯವನ್ನು ಬೇಗ ಮುಗಿಸುತ್ತೇನೆ. ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ ಎಂಬುದೇ ಡಿಪಿಐ. 26,000 ಡಿಪಿಐಗೆ ಇಟ್ಟರೆ 1,920 ಪಿಕ್ಸೆಲ್ ಅಗಲದ ಪರದೆಯನ್ನು ಕರ್ಸರ್ ದಾಟಲು ಮೌಸ್ ಎರಡು ಮಿಲಿಮೀಟರಿಗೂ ಕಡಿಮೆ ಸರಿದರೆ ಸಾಕು; ಹಾಗೆ ಯಾರೂ ಗುರಿಯಿಡಲಾರರು. ವೃತ್ತಿಪರ ಆಟಗಾರರಲ್ಲೂ ಬಹುಮಂದಿ ಇರುವುದು 400, 800, 1,600ರ ಸುತ್ತ. ಸೆನ್ಸರ್ ಎಂಬುದು ಇಂದಿನ ಮೌಸಿನಲ್ಲಿ ಅತಿ ಕಡಿಮೆ ಚಿಂತೆ ಮಾಡಬೇಕಾದ ಭಾಗ. ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ, ಹಲವು ವರ್ಷಗಳಷ್ಟು ಹಳೆಯದಾದ ಪಿಎಂಡಬ್ಲ್ಯೂ3360 ಕೂಡ ಸೆಕೆಂಡಿಗೆ 250 ಇಂಚು, ಅಂದರೆ ಆರು ಮೀಟರಿಗೂ ಹೆಚ್ಚು ವೇಗದವರೆಗೆ ತಪ್ಪದೆ ಹಿಂಬಾಲಿಸುತ್ತದೆ. ನಿಮ್ಮ ತೋಳು ಮೇಜಿನ ಮೇಲೆ ಆ ವೇಗ ಮುಟ್ಟುವುದು ಕಷ್ಟ. ಸೆನ್ಸರ್ ಅದ್ಭುತವಾಗಿದೆ ಎಂಬ ಅನಿಸಿಕೆ ಈಗ ಏನನ್ನೂ ತಿಳಿಸುವುದಿಲ್ಲ. ಸೆನ್ಸರ್ ಕೆಟ್ಟದಾಗಿದೆ ಎಂದು ಬರೆದಿದ್ದರೆ ಗಾಜಿನ ಮೇಜಿನ ಮೇಲೆ ಬಳಸುತ್ತಿದ್ದಾರೆಯೇ, ಸೆನ್ಸರಿನ ಕಿಂಡಿಯಲ್ಲಿ ಕೂದಲು ಸಿಕ್ಕಿದೆಯೇ ಎಂದು ಕೇಳಬೇಕು.

8,000 ಹರ್ಟ್ಜ್ ಎಂದರೆ ಮೌಸ್ ಸೆಕೆಂಡಿಗೆ 8,000 ಸಲ ತನ್ನ ಸ್ಥಾನವನ್ನು ವರದಿ ಮಾಡುತ್ತದೆ ಎಂದರ್ಥ. ಸಾಮಾನ್ಯ ಯುಎಸ್‌ಬಿ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ ಮಾಡುತ್ತದೆ. 1,000 ಹರ್ಟ್ಜಿನ ಮೌಸ್ ಮಿಲಿಸೆಕೆಂಡಿಗೊಮ್ಮೆ. ಇಲ್ಲಿ ಉಳಿತಾಯವಾದ 7 ಮಿಲಿಸೆಕೆಂಡು ಆಟದಲ್ಲಿ ಕೈಗೆ ತಿಳಿಯುತ್ತದೆ. 1,000ದಿಂದ 8,000ಕ್ಕೆ ಹೋದಾಗ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ಆದರೆ ಪ್ರೊಸೆಸರಿನ ಮೇಲೆ ಬೀಳುವ ಹೊರೆ ಹೆಚ್ಚು. ಹಳೆಯ ಪ್ರೊಸೆಸರಿನಲ್ಲಿ ಇದರಿಂದ ಆಟವೇ ತಡವರಿಸುವುದುಂಟು, ವೈರ್‌ಲೆಸ್ ಆದರೆ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ನಿಮ್ಮ ಮಾನಿಟರ್ 60 ಹರ್ಟ್ಜಿನದಾದರೆ ಅದು ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ. 8,000 ಹರ್ಟ್ಜಿಗೆ ಕೊಡುವ ಹಣವನ್ನು 144 ಹರ್ಟ್ಜಿನ ಮಾನಿಟರಿಗೆಂದು ಕೂಡಿಡಿ; 1,000 ಹರ್ಟ್ಜಿನ ಮೌಸಿನಲ್ಲಿ ನಿಮಗೆ ಯಾವ ಕೊರತೆಯೂ ಕಾಣದು.

ವೈರ್‌ಲೆಸ್ ಮೌಸ್ ಆಟಕ್ಕೆ ಧಾರಾಳವಾಗಿ ಆಗುತ್ತದೆ, ಒಂದು ಷರತ್ತಿನ ಮೇಲೆ: ತನ್ನದೇ 2.4 ಗಿಗಾಹರ್ಟ್ಜಿನ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಇರುವುದಾಗಿರಬೇಕು. ಬ್ಲೂಟೂತ್ ಮೌಸ್ ಕಚೇರಿ ಕೆಲಸಕ್ಕೆ ಸರಿ, ವ್ಯಾಲೊರಂಟ್‌ಗೆ ತಡ. ಡಾಂಗಲ್ ಮೌಸುಗಳ ಬಗ್ಗೆ ನೀವು ಓದುವ ದೂರುಗಳಲ್ಲಿ ಕರ್ಸರ್ ಆಗಾಗ ತಡವರಿಸುತ್ತದೆ, ಹಾರುತ್ತದೆ ಎಂಬುದು ಮೊದಲನೆಯದು. ಅದರಲ್ಲಿ ದೊಡ್ಡ ಪಾಲು ಮೌಸಿನ ತಪ್ಪಲ್ಲ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯ ಪಕ್ಕದಲ್ಲಿ ಡಾಂಗಲ್ ಸಿಕ್ಕಿಸಿರುತ್ತಾರೆ. ಯುಎಸ್‌ಬಿ 3.0 ಕೆಲಸ ಮಾಡುವಾಗ ಅದರಿಂದ ಸೋರುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಜಿನ ಸುತ್ತಲೇ ಬೀಳುತ್ತದೆಂದು ಇಂಟೆಲ್ 2012ರಲ್ಲೇ ವಿವರಿಸಿದೆ. ಹಾರ್ಡ್‌ಡಿಸ್ಕಿಗೆ ಸಿನಿಮಾ ನಕಲಿಸುವಾಗಲೇ ಮೌಸ್ ತಡವರಿಸಿದರೆ ಕಾರಣ ಇದೇ ಎಂದು ತಿಳಿಯಿರಿ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಮೌಸ್ ಪ್ಯಾಡಿನ ಹತ್ತಿರಕ್ಕೆ ತಂದಿಟ್ಟರೆ ಬಹುತೇಕ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಡಬಲ್ ಎ ಸೆಲ್ಲಿನಲ್ಲಿ ನಡೆಯುವ ಅಗ್ಗದ ವೈರ್‌ಲೆಸ್ ಮೌಸುಗಳನ್ನು ಹಿಂಭಾರವೆಂದು ದೂರುವುದೂ ಉಂಟು. ಅವುಗಳಲ್ಲಿ ಸುಮಾರು 23 ಗ್ರಾಂನ ಆಲ್ಕಲೈನ್ ಸೆಲ್ಲಿನ ಬದಲು 15 ಗ್ರಾಂನ ಲಿಥಿಯಂ ಸೆಲ್ ಹಾಕಿದರೆ ಸಮತೋಲ ತಾನಾಗಿ ಸುಧಾರಿಸುತ್ತದೆ.

ಹೊಸ ಮೌಸ್ ಬಂದ ಮೇಲೆ ನನ್ನ ಗುರಿ ಹಾಳಾಯಿತು ಎಂಬ ಅನುಭವವೊಂದಿದೆ. ಇದನ್ನು ಬರೆಯುವವರು ಮೌಸನ್ನು ಬೈದು ಮರಳಿಸಿಯೂ ಬಿಡುತ್ತಾರೆ. ಹಳೆಯ ಮೌಸ್ 800 ಡಿಪಿಐಯಲ್ಲಿತ್ತು, ಹೊಸದು ಕಾರ್ಖಾನೆಯಿಂದಲೇ 1,600ಕ್ಕೆ ಹೊಂದಿಸಿ ಬಂದಿತ್ತು ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ವ್ಯಾಲೊರಂಟ್‌ನಲ್ಲಿ ಸೆನ್ಸಿಟಿವಿಟಿ, ಅಂದರೆ ನೋಟ ಎಷ್ಟು ಬೇಗ ತಿರುಗಬೇಕೆಂಬ ಆಟದೊಳಗಿನ ಹೊಂದಿಕೆ, 1 ಇದ್ದಾಗ ಮೌಸಿನ ಪ್ರತಿ ಎಣಿಕೆಗೆ ನೋಟ 0.07 ಡಿಗ್ರಿ ತಿರುಗುತ್ತದೆ. 800 ಡಿಪಿಐ, 0.4 ಸೆನ್ಸಿಟಿವಿಟಿಯಲ್ಲಿ ಒಂದು ಪೂರ್ತಿ ಸುತ್ತು ತಿರುಗಲು ಸುಮಾರು 12,857 ಎಣಿಕೆ, ಅಂದರೆ 16 ಇಂಚು ಅಥವಾ 41 ಸೆಂಟಿಮೀಟರ್ ಮೌಸ್ ಸರಿಯಬೇಕು. ಹೊಸ ಮೌಸನ್ನು 1,600ಕ್ಕೆ ಬಿಟ್ಟರೆ ಆ 41 ಸೆಂಟಿಮೀಟರ್ ಇಪ್ಪತ್ತೂವರೆಗೆ ಇಳಿಯುತ್ತದೆ, ತಿಂಗಳುಗಟ್ಟಲೆ ಪಳಗಿದ ತೋಳು ಗುರಿಯನ್ನು ದಾಟಿ ಹೋಗುತ್ತದೆ. ಡಿಪಿಐ ಇಮ್ಮಡಿಯಾದರೆ ಸೆನ್ಸಿಟಿವಿಟಿಯನ್ನು ಅರ್ಧ ಮಾಡಿದರಾಯಿತು. ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂಬ ಆಯ್ಕೆಯನ್ನೂ ತೆಗೆದುಬಿಡಿ. ಹೆಸರು ನಿಖರತೆ ಎಂದಿದ್ದರೂ ಅದು ಮಾಡುವುದು ವೇಗ ಹೆಚ್ಚಿದಂತೆ ಕರ್ಸರನ್ನು ಹೆಚ್ಚು ದೂರ ಒಯ್ಯುವ ಕೆಲಸವನ್ನು. ಹೊಸ ಆಕಾರಕ್ಕೆ ಕೈ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ಅದಕ್ಕೆ ಮುಂಚಿನ ತೀರ್ಪನ್ನು, ಬೇರೆಯವರದಾಗಲಿ ನಿಮ್ಮದೇ ಆಗಲಿ, ಪಕ್ಕಕ್ಕಿಡಿ.

ಇನ್ನು ರಿಪೇರಿ. ಮಾಡಬಹುದು, ಅದೇನೂ ದೊಡ್ಡ ವಿದ್ಯೆಯಲ್ಲ. ತಾತ್ಕಾಲಿಕ ಪರಿಹಾರವಾಗಿ, ನಿಮ್ಮ ಮೌಸಿನ ಸಾಫ್ಟ್‌ವೇರಿನಲ್ಲಿ ಡೀಬೌನ್ಸ್ ಅವಧಿ ಹೆಚ್ಚಿಸುವ ಆಯ್ಕೆ ಇದ್ದರೆ ಅದನ್ನು ಕೆಲವು ಮಿಲಿಸೆಕೆಂಡು ಏರಿಸಿ ನೋಡಿ. ಕ್ಲಿಕ್ ಅಷ್ಟರ ಮಟ್ಟಿಗೆ ನಿಧಾನವಾದೀತು, ಆದರೆ ಎರಡಾಗುವುದು ನಿಲ್ಲಬಹುದು. ಶಾಶ್ವತ ಪರಿಹಾರ ಸ್ವಿಚ್ಚನ್ನೇ ಬದಲಾಯಿಸುವುದು. ಮೌಸಿನ ಸ್ಕ್ರೂಗಳು ಬಹುಮಟ್ಟಿಗೆ ಅದರ ಕೆಳಗಿನ ಬಿಳಿಯ ಟೆಫ್ಲಾನ್ ಪಾದಗಳ ಅಡಿಯಲ್ಲಿ ಅಡಗಿರುತ್ತವೆ. ಒಮ್ಮೆ ಕಿತ್ತ ಪಾದ ಮತ್ತೆ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಹೊಸ ಪಾದಗಳ ಒಂದು ಜೊತೆಯನ್ನು ಮೊದಲೇ ತರಿಸಿಟ್ಟುಕೊಳ್ಳಿ. ಸ್ವಿಚ್ಚಿಗೆ ಮೂರು ಕಾಲುಗಳಿರುತ್ತವೆ. ಹಳೆಯ ಬೆಸುಗೆಯನ್ನು ಹೀರುಪಂಪಿನಿಂದ ತೆಗೆದು, ಹೊಸದನ್ನು ಅದೇ ದಿಕ್ಕಿನಲ್ಲಿ ಕೂರಿಸಿ ಬೆಸೆಯಬೇಕು. ಬೆಸುಗೆ ಹಾಕಿ ಅಭ್ಯಾಸವಿಲ್ಲದಿದ್ದರೆ ಊರಿನ ಮೊಬೈಲ್ ರಿಪೇರಿ ಅಂಗಡಿಯವರಿಗೆ ಕೊಡಿ. ಫೋನಿನ ಬೋರ್ಡಿನ ಮೇಲೆ ಕೈಯಾಡಿಸುವವರಿಗೆ ಇದು ಹತ್ತು ನಿಮಿಷದ ಕೆಲಸ. ಬಿಡಿ ಸ್ವಿಚ್ಚು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಅಂತರ್ಜಾಲದ ಅಂಗಡಿಗಳಲ್ಲೋ ಸಿಗುತ್ತದೆ. ಕೈಲ್ ಕಂಪನಿಯ ಜಿಎಂ 8.0, ಅಥವಾ ಮೇಲೆ ಹೇಳಿದ ಡಿ2ಎಫ್-01ಎಫ್, ಎರಡೂ ಸಾಮಾನ್ಯ ಮೌಸಿನ ಬೋರ್ಡಿಗೆ ಕೂರುತ್ತವೆ. ಬದಲಿಸುವಾಗ ಎಡ ಬಲ ಎರಡನ್ನೂ ಬದಲಿಸಿ. ಒಂದು ಹೊಸದು ಒಂದು ಹಳೆಯದಾದರೆ ಎರಡು ಬೆರಳಿಗೆ ಎರಡು ಬಗೆಯ ಒತ್ತು ಸಿಕ್ಕಿ ಕಿರಿಕಿರಿಯಾಗುತ್ತದೆ.

ಆದರೆ ಸ್ಕ್ರೂ ಡ್ರೈವರ್ ಎತ್ತಿಕೊಳ್ಳುವ ಮುನ್ನ ಬಿಲ್ಲು ಹುಡುಕಿ. ಹೆಸರಾಂತ ಹಲವು ಕಂಪನಿಗಳು ಗೇಮಿಂಗ್ ಮೌಸಿಗೆ ಎರಡು ವರ್ಷದ ವಾರಂಟಿ ಕೊಡುತ್ತವೆ. ನಿಮ್ಮದಕ್ಕೆ ಇನ್ನೂ ಹದಿನಾಲ್ಕೇ ತಿಂಗಳು. ಪಾದ ಕಿತ್ತ ಮೌಸನ್ನು ಬಿಚ್ಚಿದ ಮೌಸೆಂದು ತಳ್ಳಿಹಾಕುವ ಸಾಧ್ಯತೆ ಇರುವುದರಿಂದ ರಿಪೇರಿಯ ಮಾತು ವಾರಂಟಿಯ ದಾರಿ ಮುಚ್ಚಿದ ಮೇಲೆ. ಡಬಲ್ ಕ್ಲಿಕ್ ದೋಷಕ್ಕೆ ಇನ್ನೊಂದು ಕೆಟ್ಟ ಗುಣವಿದೆ: ತೋರಿಸಬೇಕಾದಾಗ ಅದು ತೋರಿಸಿಕೊಳ್ಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮೌಸೊಂದು ಸೇವಾಕೇಂದ್ರದಿಂದ ದೋಷ ಕಂಡುಬಂದಿಲ್ಲ ಎಂಬ ಚೀಟಿಯೊಂದಿಗೆ ಮರಳಿ ಬಂತು. ಅಲ್ಲಿನವರು ಹತ್ತು ಸಲ ಒತ್ತಿ ನೋಡಿರಬೇಕು, ಹತ್ತೂ ಸಲ ಅದು ಸಭ್ಯವಾಗಿ ನಡೆದುಕೊಂಡಿರಬೇಕು. ಎರಡನೆಯ ಸಲ ನಾನು ಮಾಡಿದ್ದನ್ನೇ ನೀವು ಮೊದಲ ಸಲವೇ ಮಾಡಿ. ಮೌಸನ್ನು ಬೇರೊಂದು ಕಂಪ್ಯೂಟರಿಗೂ ಹಾಕಿ ದೋಷ ಅಲ್ಲಿಯೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಕ್ಲಿಕ್ಕುಗಳ ನಡುವಿನ ಅಂತರವನ್ನು ಮಿಲಿಸೆಕೆಂಡಿನಲ್ಲಿ ತೋರಿಸುವ ಯಾವುದಾದರೂ ಪರೀಕ್ಷಾ ಪುಟವನ್ನು ತೆರೆದು, ಅವಸರವಿಲ್ಲದೆ ಒಂದೊಂದಾಗಿ ನೂರು ಸಲ ಒತ್ತಿ, ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನಿನಲ್ಲಿ ವಿಡಿಯೋ ಮಾಡಿ. ಎರಡು ಕ್ಲಿಕ್ಕುಗಳ ನಡುವೆ 50 ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಕಂಡರೆ ಅದು ಬೆರಳಿನ ಕೆಲಸವಲ್ಲ ಎಂದು ಯಾರಾದರೂ ಒಪ್ಪಬೇಕು. ವಿಡಿಯೋದ ಕೊನೆಯಲ್ಲಿ ಮೌಸನ್ನು ತಿರುಗಿಸಿ ಕೆಳಗಿನ ಸೀರಿಯಲ್ ನಂಬರಿನ ಚೀಟಿಯನ್ನೂ ತೋರಿಸಿ, ಬಿಲ್ಲಿನ ಪ್ರತಿಯೊಂದಿಗೆ ಅದನ್ನು ಕಳಿಸಿ.